ಹಳ್ಳದ ದಾರಿಯ ಬಿಳಿ ಪುಡಿ

“ಯಾ ಅಲ್ಲಾ, ಯಾರ ಮಾಟ ಇದು?” ನಜ್ಮುನ್ನೀಸಾ ಖಾಲಿ ದಾರಿಯನ್ನೇ ಕೇಳಿದಳು. ಮನೆಯಿಂದ ಹಳ್ಳದವರೆಗೆ, ಸತತ ನಾಲ್ಕನೆಯ ಬೆಳಿಗ್ಗೆ, ಯಾರೋ ಬಿಳಿ ಪುಡಿ ಚೆಲ್ಲಿದ್ದರು. ಗಂಡ ಬರ್ಮಾ ಯುದ್ಧದಲ್ಲಿ ತೀರಿಕೊಂಡ ಮೇಲೆ ಊರಲ್ಲೇ ಇರುವ ಅಣ್ಣನೊಬ್ಬನೇ ಆಸರೆಯಾಗಿದ್ದ ಅವಳನ್ನು ಮನೆ ಬಿಡಿಸಲು ಮೈದುನ ಹೊಂಚು ಹಾಕುತ್ತಿದ್ದ. ಅವನದೇ ಕೆಲಸವೆಂದುಕೊಂಡು, ಕೇಡು ತಟ್ಟದಿರಲೆಂದು ತುಟಿಯಲ್ಲೇ ಆಯತುಲ್ ಕುರ್ಸಿ ಹೇಳಿಕೊಳ್ಳುತ್ತ, ಕೊಡ ಹಿಡಿದು ಕಾಫಿ ಗಿಡಗಳ ತಿರುವು ದಾಟಿದಳು.

ಅಲ್ಲಿ ಬಗ್ಗಿ ಪುಡಿ ಉದುರಿಸುತ್ತಿದ್ದವನು ಹಬೀಬುರ್ರಹ್ಮಾನ್; ಹೆಂಡತಿ ಸತ್ತ ಮೇಲೆ ಕೊಟ್ಟಿಗೆಹಾರಕ್ಕೆ ಬಂದು ಹೊಗೆಸೊಪ್ಪಿನ ಅಂಗಡಿ ಇಟ್ಟವನು.

“ನನ್ನ ಮೈದುನ ಕಳಿಸಿದ್ನಾ ನಿಮ್ಮನ್ನ?”

ಅವನ ಕೈಯಿಂದ ಡಬ್ಬಿ ಜಾರಿತು. “ಮಾಟ ಅಲ್ಲ ಬೀ! ಸುಣ್ಣಕ್ಕೆ ಚೂರು ಹೊಗೆಸೊಪ್ಪಿನ ಪುಡಿ ಬೆರೆಸಿದ್ದು. ಇದಕ್ಕೆ ರಕ್ತ ಹೀರೋ ಇಂಬಳ ಬರಲ್ಲ. ಹೋದ ವಾರ ಅಂಗಡಿಗೆ ಬಂದಾಗ ನಿಮ್ಮ ಕಾಲೆಲ್ಲ ರಕ್ತ ಇತ್ತು. ಮಳೆಗೆ ತೊಳೆದು ಹೋಗುತ್ತಲ್ಲ, ಅದಕ್ಕೇ ದಿನಾ ಬರ್ತೀನಿ.”

“ಇಂಬಳ ಊರವರ ಕಾಲಿಗೆಲ್ಲ ಹತ್ತುತ್ತೆ ಮಾರಾಯ್ರೇ. ಬೇರೆ ಯಾರ ದಾರಿಗೆ ಹಾಕಿದ್ದೀರಿ?”

ಅವನು ಬಗ್ಗಿ ಬಿದ್ದ ಡಬ್ಬಿ ಎತ್ತಿಕೊಂಡ. ಕಿವಿಯೆಲ್ಲ ಕೆಂಪಾಯಿತು. ನಜ್ಮುನ್ನೀಸಾ ತನ್ನ ಪಾದ ನೋಡಿಕೊಂಡಳು. ನಾಲ್ಕು ದಿನದಿಂದ ಒಂದೂ ಕಚ್ಚಿರಲಿಲ್ಲ. ಅವಳು ಸೆರಗನ್ನು ಬಾಯಿಯವರೆಗೆ ಎಳೆದುಕೊಂಡಳು.

“ನಿಮ್ಮ ಅಣ್ಣನಿಗೆ ಮಾತ್ರ ಹೇಳಬೇಡಿ,” ಅವನು ಕೈ ಮುಗಿದು ಬೇಡಿದ. “ನಾಳೆಯಿಂದ ಈ ಕಡೆ ಬರಲ್ಲ.”

“ಹೇಳೇ ಹೇಳ್ತೀನಿ. ಶುಕ್ರವಾರ ನಮಾಜ್ ಮುಗಿಸಿ ಅವನ ಮನೆ ಬಾಗಿಲಿಗೆ ಬಂದು, ನನ್ನನ್ನ ಕೊಡ್ತಾನಾ ಅಂತ ನೀವೇ ಕೇಳಿ. ಸುಮ್ಮನಿರೋದು ನನ್ನಿಂದ ಆಗಲ್ಲ.”