ತೋರುಬೆರಳು

ಹೊಲಿಗೆಯಮ್ಮ ಎತ್ತಿದ ಸುತ್ತಿಗೆ ಹಾಗೇ ನಿಂತಿತು. ಮೇಜಿನ ಮೇಲೆ ಗಗನಯಾತ್ರಿಯ ಬಲಗೈಯ ಪ್ಲಾಸ್ಟರ್ ಅಚ್ಚು. ಬಾಗಿಲಲ್ಲಿ ಅವನ ಸಾಮಾನು ಒಯ್ಯಲು ಬಂದ ಹೆಂಡತಿ, ಐದು ವರ್ಷದ ಮಗಳು.

ಬಾಹ್ಯಾಕಾಶ ನಿಲ್ದಾಣದ ಹೊರಗೆ ರಿಪೇರಿಗೆ ಇಳಿದವನು ಮರಳಲಿಲ್ಲ, ದೇಹವೂ ಸಿಗಲಿಲ್ಲ. ಯಾನ ಮುಗಿದ ಮೇಲೆ ಅಚ್ಚು ಒಡೆಯುವುದು ಗ್ಲೌಸ್ ವಿಭಾಗದ ರೂಢಿ. ಈ ಅಚ್ಚಿನ ಮೇಲಂತೂ ಹೊಲಿಗೆಯಮ್ಮನಿಗೆ ಮೊದಲಿನಿಂದಲೂ ಸಿಟ್ಟು. ಕೈ ಸಡಿಲ ಬಿಡು ಎಂದು ಎರಡೆರಡು ಸಲ ಅಚ್ಚು ತೆಗೆದರೂ ತೋರುಬೆರಳೊಂದು ಉಳಿದವುಗಳಿಂದ ಬೇರೆಯಾಗಿ ಚಾಚಿಕೊಂಡೇ ಬಂದಿತ್ತು. "ಇದೇನು ಕೈಯೋ, ದಾರಿ ತೋರ್ಸೋ ಕಂಬಾನೋ?" ಎಂದು ಬೈದಿದ್ದಳು. ಅವನು ನಕ್ಕಿದ್ದನಷ್ಟೇ. ಗೊಣಗುತ್ತಲೇ ಆ ಅಳತೆಗೆ ಎರಡು ಜೊತೆ ಗ್ಲೌಸ್ ಹೊಲಿದಿದ್ದಳು.

ಮಗು ಓಡಿಬಂದು ಆ ಬೆರಳನ್ನು ಹಿಡಿದುಕೊಂಡಿತು. ಪುಟ್ಟ ಮುಷ್ಟಿ ಬೆರಳುಗಳ ನಡುವಿನ ಸಂದಿಯಲ್ಲಿ ಅಳತೆ ಕೊಟ್ಟು ಮಾಡಿಸಿದಂತೆ ಕೂತಿತು. ಅಪ್ಪ ಮಗಳು ಇಬ್ಬರೂ ದಿನಾ ಹಾಗೇ ಬೆರಳು ಹಿಡಿದು ನಡೆದಿರಬೇಕು.

"ಅಪ್ಪನ ಕೈ ತಣ್ಣಗಿದೆ ಅಜ್ಜಿ. ಗ್ಲೌಸ್ ಹಾಕಿ."

ಹೊಲಿಗೆಯಮ್ಮ ಸುತ್ತಿಗೆ ಕೆಳಗಿಟ್ಟು, ಕಪಾಟಿನಲ್ಲಿ ಉಳಿದಿದ್ದ ಜೊತೆಯನ್ನು ತಂದಳು. ಬಲಗೈಯದರ ಬಾಯಿ ಅಗಲಿಸಿ ಹಿಡಿದಳು.

"ಹಾಕ್ತೀನಿ ಪುಟ್ಟಿ. ಒಂಚೂರು ಬೆರಳು ಬಿಡು."

ಮಗು ಬಿಡಲಿಲ್ಲ.