ಬೂಟುಗಾಲು

"ಅತ್ತೆ, ಬೂಟು ಬಿಚ್ಬೇಡಿ! ಒಳಗೆಲ್ಲ ವಿಕಿರಣದ ಧೂಳು," ಎಂದು ಸೊಸೆ ಮಿಚಿರು ಕೈ ಹಿಡಿದಳು.

ಹೊಸ್ತಿಲ ಬಳಿ ಬಗ್ಗಿದ್ದ ಹಿಸಾನೊ ಸಿಡುಕಿದಳು. "ಬೂಟು ಹಾಕ್ಕೊಂಡು ನುಗ್ಗೋಕೆ ಇದೇನು ರೈಲ್ವೆ ಸ್ಟೇಷನ್ನಾ? ನಿಮ್ಮ ಮಾವ ಇದ್ದಿದ್ರೆ ಕಾಲು ಮುರೀತಿದ್ರು!"

ಫುಕುಶಿಮಾ ಅಣುಸ್ಥಾವರದ ದುರಂತಕ್ಕೆ ಊರಿಗೆ ಊರೇ ಖಾಲಿಯಾಗಿ ನಾಲ್ಕು ವರ್ಷವಾಗಿತ್ತು. ತೀರಿಹೋದ ಗಂಡನ ಫೋಟೊ ಅಂದು ಮನೆಯಲ್ಲೇ ಉಳಿದಿತ್ತು; ಅದನ್ನು ಒಯ್ಯಲು ಹಿಸಾನೊಗೆ ಎರಡು ಗಂಟೆಯ ಅನುಮತಿ ಸಿಕ್ಕಿತ್ತು.

ಅವಳು ಒಳಗೆ ಇಣುಕಿದಳು. ದಿನವೂ ತಾನೇ ಒರೆಸುತ್ತಿದ್ದ ಚಾಪೆಗಳ ಮೇಲೆ ಕಾಡುಹಂದಿಗಳು ತುಳಿದ ಕೆಸರು ಒಣಗಿತ್ತು. ಬಿಚ್ಚಿದ್ದ ಲೇಸನ್ನು ಮತ್ತೆ ಕಟ್ಟಿಕೊಂಡು, ಸೊಸೆಯ ತೋಳು ಹಿಡಿದು, ಬೂಟುಗಾಲನ್ನು ಚಾಪೆಯ ಮೇಲಿಟ್ಟಳು. ನಲವತ್ತು ವರ್ಷ ಆ ಬಾಗಿಲಲ್ಲಿ "ನಾನು ಬಂದೆ" ಎಂದು ಕೂಗುತ್ತಿದ್ದವಳು ತಲೆ ಬಗ್ಗಿಸಿ, ಪರರ ಮನೆಗೆ ಹೋದವಳ ಹಾಗೆ, "ತೊಂದರೆ ಕೊಡ್ತಿದೀನಿ, ಕ್ಷಮಿಸಿ" ಎಂದಳು.