ಗಂಟೆ ಹೊಡೆದಾಗಿನ ಪೈ

ಬೆಳಿಗ್ಗೆ ರೇಡಿಯೊದಲ್ಲಿ ಹವಾಮಾನ ಮುಗಿದ ಮೇಲೆ ಇವತ್ತಿನ ಪೈ ಬೆಲೆ ಹೇಳಿದರು: ಮೂರು ಪಾಯಿಂಟ್ ಒಂದು. ತಂಗಿ ನಾಗವೇಣಿ ಅದನ್ನು ಕೇಳಿಸಿಕೊಂಡೇ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಗೆ ಹೋದಳು. ಹನ್ನೊಂದಕ್ಕೆ ವೆಲ್ಡಿಂಗ್ ಅಂಗಡಿಯಲ್ಲಿ ನಾನು ಟ್ಯಾಂಕಿನ ಸುತ್ತ ಬಗ್ಗಿಸುತ್ತಿದ್ದ ಕಬ್ಬಿಣದ ಪಟ್ಟಿ ಒಂದು ಗೇಣು ಕಮ್ಮಿ ಬಿತ್ತು. ಪೈ ಏರಿ ಟ್ಯಾಂಕಿನ ಸುತ್ತಳತೆ ಹಿಗ್ಗಿತ್ತು.

ನನಗೆ ಮೈ ಉರಿಯಿತು. ನಾನು ಹತ್ತನೇ ಕ್ಲಾಸಿನ ಪರೀಕ್ಷೆ ಬರೆಯುವಾಗಲೂ ಅದು ಹೀಗೇ ನಡುವೆ ಬದಲಾಗಿತ್ತು. ಕೊನೆಯ ಗಂಟೆ ಹೊಡೆದಾಗಿನ ಬೆಲೆಗಷ್ಟೇ ಅಂಕ ಎಂದು ನನ್ನ ಲೆಕ್ಕಗಳಿಗೆಲ್ಲ ಸೊನ್ನೆ ಸುತ್ತಿದ್ದರು. ಆ ಸೊನ್ನೆಯನ್ನು ಯಾವ ಪೈ ಹಿಡಿದು ಸುತ್ತಿದರೋ. ಅವತ್ತೇ ಶಾಲೆ ಬಿಟ್ಟೆ.

ಸೈಕಲ್ ತುಳಿದು ತಂಗಿ ಪರೀಕ್ಷೆ ಬರೆಯುತ್ತಿದ್ದ ಕಾಲೇಜಿನ ಗೇಟು ಮುಟ್ಟುವಾಗ ಗಂಟೆ ಹೊಡೆಯಿತು. ನಾಗವೇಣಿ ಮಣಿಕಟ್ಟು ತಿಕ್ಕಿಕೊಳ್ಳುತ್ತ ಬಂದಳು.

"ಪೈ ಏರಿದೆ ಕಣೇ," ಎಂದೆ.

"ಬಳೆ ಕಚ್ಕೊಂಡಾಗ್ಲೇ ಗೊತ್ತಾಯ್ತು."

"ಬರೆದಿದ್ದನ್ನೆಲ್ಲ ತಿದ್ದಿದ್ಯಾ?"

"ತಿದ್ದೋಕೇನಿದೆ? ನಾನು ಬೆಲೇನೇ ಹಾಕಿಲ್ಲಣ್ಣ. ಇಪ್ಪತ್ತೈದು ಪೈ ಅಂತಲೇ ಬಿಟ್ಟೆ. ಅದು ಏರ್ಲಿ, ಇಳೀಲಿ, ನನ್ನ ಉತ್ತರ ಸರಿಯಾಗೇ ಇರತ್ತೆ."

ನನಗೆ ಇದನ್ನು ಯಾವ ಮೇಷ್ಟ್ರೂ ಹೇಳಿರಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕೂತು, ಅವಳ ಕೈ ಹಿಡಿದು, ಬಳೆಗಳನ್ನು ಒಂದೊಂದಾಗಿ ಬಿಡಿಸತೊಡಗಿದೆ.